ಮೊದಲ ಸಲ ಉಣ್ಣೆ ಮೇಳಕ್ಕೆ ಹೋಗುತ್ತಿದ್ದೇನೆ. ಏನೇನು ಕೊಳ್ಳಬೇಕು? ಒಂದು ದಿನ ಸಾಕಾ?

ಪಟ್ಟಿ ಬರೆದುಕೊಂಡು ಹೊರಟಿದ್ದೀರಿ ಅಲ್ವಾ? ನಾನೂ ಹಾಗೇ ಹೋಗಿದ್ದೆ. ನೂಲುವುದು ಕಲಿತು ಆಗಿನ್ನೂ ನಾಲ್ಕು ತಿಂಗಳು. ಒಳಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಒಂದು ಕುರಿಯ ಪೂರ್ತಿ ಉಣ್ಣೆ ಕೊಂಡುಬಿಟ್ಟೆ. ಮೆರಿನೋ ಎಂಬ ತಳಿಯದ್ದು, ಮೂರು ಕಿಲೋ, ತೊಳೆಯದ್ದು.

ಸುರುಳಿ ಸುತ್ತಿ ಇಟ್ಟಿದ್ದರು. ಮೇಲೆ ಕಾಣುತ್ತಿದ್ದದ್ದು ಹೆಗಲಿನ ಭಾಗ. ಕುರಿಯ ಮೈಯಲ್ಲಿ ಒಳ್ಳೆಯ ಉಣ್ಣೆ ಸಿಗುವುದೇ ಅಲ್ಲಿ. ಸಣ್ಣ ಗುಂಗುರು, ಜಿಡ್ಡಿನ ಹೊಳಪು. ಮುಟ್ಟಿದೆ, ಮೆತ್ತಗಿತ್ತು, ದುಡ್ಡು ಕೊಟ್ಟೆ. ಬಿಚ್ಚಿ ತೋರಿಸಿ ಎನ್ನಲಿಲ್ಲ. ಎಳೆಗಳ ಒಂದೇ ಒಂದು ಗೊಂಚಲು ತೆಗೆದು ಜಗ್ಗಿ ನೋಡಲಿಲ್ಲ. ನಾನು ಕೆಟ್ಟಿದ್ದು ಇಲ್ಲೇ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಕುರಿಗೆ ಜ್ವರ ಬಂದರೆ, ಮೇವು ಸಾಲದಿದ್ದರೆ, ಆ ದಿನಗಳಲ್ಲಿ ಬೆಳೆಯುವ ಉಣ್ಣೆ ತೆಳುವಾಗುತ್ತದೆ. ಕಾಯಿಲೆ ಇಡೀ ಮೈಗೆ ಬಂದಿರುತ್ತದೆ, ಹಾಗಾಗಿ ಎಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸೊರಗುತ್ತವೆ. ಕುರಿ ಚೇತರಿಸಿಕೊಂಡ ಮೇಲೆ ಉಣ್ಣೆ ಮತ್ತೆ ದಪ್ಪಗೆ ಬೆಳೆಯುತ್ತದೆ. ಆದರೆ ಆ ತೆಳು ಜಾಗ ಎಳೆಯ ನಡುವೆ ಹಾಗೇ ಉಳಿಯುತ್ತದೆ. ಮುಟ್ಟಿದರೆ ತಿಳಿಯುವುದಿಲ್ಲ, ಎಳೆಯಲೇಬೇಕು. ಪೆನ್ಸಿಲ್ ದಪ್ಪದ ಗೊಂಚಲು ತೆಗೆದು, ಎರಡೂ ತುದಿ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ಫಟ್ಟನೆ ಜಗ್ಗಿ. ಮೀಟಿದ ತಂತಿಯಂತೆ ಟಣ್ ಎಂದರೆ ಗಟ್ಟಿ. ಚರಚರ ಎಂದರೆ, ಇಲ್ಲವೇ ನಡುವೆ ಕಿತ್ತು ಬಂದರೆ ಬೇಡ. ಹೆಗಲು, ಪಕ್ಕೆ, ತೊಡೆ, ಮೂರೂ ಕಡೆಯಿಂದ ತೆಗೆದು ನೋಡಿ. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷ ಕೊಡದೆ ಮನೆಗೆ ತಂದು, ಮೂರು ವಾರ ತೊಳೆದೆ. ಸ್ವಲ್ಪ ಸ್ವಲ್ಪವೇ 60 ಡಿಗ್ರಿ ಬಿಸಿಯ ಸೋಪಿನ ನೀರಿನಲ್ಲಿ ನೆನೆಸುವುದು. ಕಲಕುವ ಹಾಗಿಲ್ಲ, ಕಲಕಿದರೆ ಜಡೆಗಟ್ಟುತ್ತದೆ. ನೀರು ತಣ್ಣಗಾಗುವ ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಬಿಟ್ಟ ಜಿಡ್ಡು ಮತ್ತೆ ಅಂಟಿಕೊಳ್ಳುತ್ತದೆ. ಎಲ್ಲ ಸರಿಯಾಗಿಯೇ ಮಾಡಿದೆ. ಒಣಗಿದಾಗ ತೂಕ ಅರ್ಧಕ್ಕಿಳಿದಿತ್ತು. ಮೆರಿನೋದಲ್ಲಿ ಜಿಡ್ಡು ಜಾಸ್ತಿ, ಅದಕ್ಕೆ ಬೇಸರವಿಲ್ಲ. ಹಿಂಜಲು ಕೂತಾಗ ಎಳೆಗಳೆಲ್ಲ ನಡುವೆ ತುಂಡಾದವು. ಬಾಚಣಿಗೆ ತುಂಬ ಗಿಡ್ಡ ಚೂರು, ಸಾಸಿವೆಯಂಥ ಗಂಟು. ಅದರಿಂದ ನೂಲು ಬರಲೇ ಇಲ್ಲ. ಅವತ್ತು ಅತ್ತಿದ್ದೆ. ರಾಟೆಯನ್ನು ಎರಡು ತಿಂಗಳು ಮುಟ್ಟಲಿಲ್ಲ.

ಹಾಗಾಗಿ ಏನು ಕೊಳ್ಳಲಿ ಎಂಬ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಮೊದಲ ಮೇಳ ಕೈಗೆ ಅಭ್ಯಾಸ ಮಾಡಿಸಲು. ಮಧ್ಯಾಹ್ನದವರೆಗೆ ದುಡ್ಡು ತೆಗೆಯಬೇಡಿ. ಉಣ್ಣೆಯ ಸ್ಪರ್ಧೆ ಇದ್ದರೆ ತೀರ್ಪುಗಾರರು ಸುರುಳಿ ಬಿಚ್ಚುವ ಮೇಜಿನ ಹತ್ತಿರ ಹೋಗಿ ನಿಲ್ಲಿ. ಅವರು ಎಲ್ಲಿ ಕೈ ಹಾಕುತ್ತಾರೆ, ಯಾವುದನ್ನು ಪಕ್ಕಕ್ಕೆ ಸರಿಸುತ್ತಾರೆ ನೋಡಿ. ನಾನು ಕಲಿತದ್ದು ಮುಂದಿನ ವರ್ಷ ಅಲ್ಲೇ ನಿಂತು. ಕಾರ್ಯಾಗಾರಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಹೀಗೆ ಸುತ್ತಿದರೆ ಒಂದು ದಿನ ಧಾರಾಳವಾಯಿತು.

ಬರಿಗೈಲಿ ಬರಲು ಮನಸ್ಸಾಗದಿದ್ದರೆ ತೊಳೆದು ಬಾಚಿದ ಉಣ್ಣೆ ತನ್ನಿ. ಮೂರು ಬೇರೆ ಬೇರೆ ತಳಿಯದ್ದು, ತಲಾ 100 ಗ್ರಾಂ. ಪೂರ್ತಿ ಕುರಿಯ ಉಣ್ಣೆಯ ಮೇಲೆ ಕಣ್ಣು ಬಿದ್ದರೆ, ಒಂದು ಗೊಂಚಲು ಎಳೆದು ನೋಡಲಾ ಎಂದು ಮೊದಲು ಕೇಳಿ. ಒಳ್ಳೆಯ ಮಾಲು ಇಟ್ಟವರು ತಾವೇ ಬಿಚ್ಚಿ ತೋರಿಸುತ್ತಾರೆ. ಬೇಡ ಎಂದರೆ ಮುಂದಿನ ಮಳಿಗೆಗೆ ನಡೆಯಿರಿ.