ಫ್ರಾನ್ಸಿನಲ್ಲಿ ಆಳುವವರು ಅಧ್ಯಕ್ಷರೋ, ಪ್ರಧಾನಿಯೋ?

ಪ್ರಶ್ನೆ: ಫ್ರಾನ್ಸಿನ ಅಧ್ಯಕ್ಷರು ನಮ್ಮ ರಾಷ್ಟ್ರಪತಿಗಳಂತೆ ಸಚಿವ ಸಂಪುಟದ ಸಲಹೆಯ ಮೇರೆಗೆ ಮಾತ್ರ ನಡೆಯುವವರಲ್ಲ ಎಂದು ಓದಿದ್ದೇನೆ. ಹಾಗಿದ್ದರೆ 2024 ಮತ್ತು 2025ರಲ್ಲಿ ಅಲ್ಲಿ ಪ್ರಧಾನಿಗಳು ಒಬ್ಬರ ಹಿಂದೊಬ್ಬರು ಪದಚ್ಯುತರಾದಾಗಲೂ ಅಧ್ಯಕ್ಷ ಮ್ಯಾಕ್ರನ್ ಅಧಿಕಾರದಲ್ಲಿ ಮುಂದುವರಿದದ್ದು ಹೇಗೆ? (ಧಾರವಾಡದ ಓದುಗರೊಬ್ಬರು)

ಉತ್ತರ: ಅಧ್ಯಕ್ಷರನ್ನು ಐದು ವರ್ಷಗಳಿಗೆ ಜನರೇ ನೇರವಾಗಿ ಆರಿಸುತ್ತಾರೆ, ಸಂಸತ್ತು ಅವಿಶ್ವಾಸ ನಿರ್ಣಯದ ಮೂಲಕ ಅವರನ್ನು ಇಳಿಸಲಾಗದು. ಪ್ರಧಾನಿಯನ್ನು ನೇಮಿಸುವವರು ಅಧ್ಯಕ್ಷರಾದರೂ, ಪ್ರಧಾನಿ ಉಳಿಯಬೇಕಾದರೆ ಕೆಳಮನೆಯಾದ ನ್ಯಾಷನಲ್ ಅಸೆಂಬ್ಲಿಯ ವಿಶ್ವಾಸ ಬೇಕು. ಹೀಗಾಗಿ ಸದನದ ಸಿಟ್ಟು ಅಧ್ಯಕ್ಷರ ನೀತಿಯ ಮೇಲಿದ್ದರೂ ತಲೆದಂಡ ತೆರಬೇಕಾದವರು ಪ್ರಧಾನಿ. ಮಹಾಭಿಯೋಗಕ್ಕೆ ಅವಕಾಶವಿದೆ, ಆದರೆ ಅದಕ್ಕೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು.

ಈ ವ್ಯವಸ್ಥೆಯ ಹಿಂದೆ ಒಂದು ಕಹಿ ಅನುಭವವಿದೆ. 1946ರಿಂದ 1958ರವರೆಗಿನ ನಾಲ್ಕನೆಯ ಗಣರಾಜ್ಯದಲ್ಲಿ ಅಧಿಕಾರವೆಲ್ಲ ಸಂಸತ್ತಿನ ಕೈಯಲ್ಲಿತ್ತು. ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಂದು ಹೋದವು. ಅಲ್ಜೀರಿಯದ ಯುದ್ಧ ದೇಶವನ್ನು ಸೇನಾ ದಂಗೆಯ ಅಂಚಿಗೆ ತಂದಾಗ ಮತ್ತೆ ಅಧಿಕಾರಕ್ಕೆ ಬಂದ ಚಾರ್ಲ್ಸ್ ಡಿ ಗಾಲ್, ಅಧ್ಯಕ್ಷ ಪದವಿಗೆ ಬಲ ತುಂಬಿದ ಹೊಸ ಸಂವಿಧಾನವನ್ನು 1958ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದರು. ಆಗಲೂ ಅಧ್ಯಕ್ಷರ ಆಯ್ಕೆ ಜನಪ್ರತಿನಿಧಿಗಳ ಮತದಿಂದಲೇ ನಡೆಯುತ್ತಿತ್ತು. 1962ರಲ್ಲಿ ಅವರು ನೇರ ಚುನಾವಣೆಯ ಪ್ರಸ್ತಾವವನ್ನು, ಸಂಸತ್ತನ್ನು ಬದಿಗಿಟ್ಟು, ಜನಮತಗಣನೆಗೆ ಒಯ್ದಾಗ ಕೆರಳಿದ ಸದನ ಪ್ರಧಾನಿ ಜಾರ್ಜ್ ಪಾಂಪಿಡು ಅವರ ಸರ್ಕಾರವನ್ನು ಅವಿಶ್ವಾಸ ನಿರ್ಣಯದಿಂದ ಉರುಳಿಸಿತು. ಡಿ ಗಾಲ್ ಸದನವನ್ನೇ ವಿಸರ್ಜಿಸಿದರು, ಜನಮತಗಣನೆಯನ್ನೂ ಚುನಾವಣೆಯನ್ನೂ ಗೆದ್ದರು, ಪಾಂಪಿಡು ಅವರನ್ನೇ ಮತ್ತೆ ಪ್ರಧಾನಿಯನ್ನಾಗಿಸಿದರು. ಐದನೆಯ ಗಣರಾಜ್ಯದಲ್ಲಿ ಯಾರ ಕೈ ಮೇಲು ಎಂಬುದು ಸಂವಿಧಾನ ಬರೆದ ದಿನಕ್ಕಿಂತ ಹೆಚ್ಚಾಗಿ ಆ ಕೆಲವು ವಾರಗಳಲ್ಲಿ ತೀರ್ಮಾನವಾಯಿತು ಎಂದೇ ಹೇಳಬೇಕು.

ಆದರೆ ಸಂವಿಧಾನದ 20ನೆಯ ವಿಧಿಯನ್ನು ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ: ರಾಷ್ಟ್ರದ ನೀತಿಯನ್ನು ನಿರ್ಧರಿಸಿ ನಡೆಸುವುದು ಸರ್ಕಾರ ಎಂದು ಅದು ಹೇಳುತ್ತದೆ, ಆ ಸರ್ಕಾರದ ಮುಖ್ಯಸ್ಥರು ಪ್ರಧಾನಿ. ಸದನದಲ್ಲಿ ಅಧ್ಯಕ್ಷರ ಪಕ್ಷಕ್ಕೆ ಬಹುಮತವಿರುವವರೆಗೆ ಈ ಮಾತಿಗೆ ಬೆಲೆ ಕಡಿಮೆ, ಏಕೆಂದರೆ ಪ್ರಧಾನಿ ಅಧ್ಯಕ್ಷರ ಕಾರ್ಯಭಾರಿಯಂತೆ ವರ್ತಿಸುತ್ತಾರೆ. ವಿರೋಧಿಗಳು ಬಹುಮತ ಪಡೆದರೆ ಅದೇ ವಿಧಿಗೆ ಜೀವ ಬರುತ್ತದೆ. 1986ರಲ್ಲಿ ಬಲಪಂಥೀಯರು ಚುನಾವಣೆ ಗೆದ್ದಾಗ ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ ತಮ್ಮ ಎದುರಾಳಿ ಜಾಕ್ ಶಿರಾಕ್ ಅವರನ್ನು ಪ್ರಧಾನಿಯಾಗಿ ನೇಮಿಸಬೇಕಾಯಿತು. ಅದೇ ಜುಲೈನಲ್ಲಿ ಸಾರ್ವಜನಿಕ ಉದ್ದಿಮೆಗಳ ಖಾಸಗೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಲು ಮಿತ್ತೆರಾಂ ನಿರಾಕರಿಸಿದರು. ಶಿರಾಕ್ ಅದನ್ನೇ ಮಸೂದೆಯಾಗಿ ಸಂಸತ್ತಿನಲ್ಲಿ ಅಂಗೀಕರಿಸಿಕೊಂಡರು. ಅಧ್ಯಕ್ಷರು ತಡ ಮಾಡಬಲ್ಲರೇ ಹೊರತು ಬಹುಮತವನ್ನು ತಡೆಯಲಾರರು ಎಂಬುದು ಅಂದು ಸ್ಪಷ್ಟವಾಯಿತು. ಮುಂದೆ ಸ್ವತಃ ಅಧ್ಯಕ್ಷರಾದ ಶಿರಾಕ್ 1997ರಲ್ಲಿ, ತಮ್ಮದೇ ಬಹುಮತವಿದ್ದ ಸದನವನ್ನು ಅವಧಿಗೆ ಮೊದಲೇ ವಿಸರ್ಜಿಸಿ ಸೋತು, ಸಮಾಜವಾದಿ ಜೋಸ್ಪಾಂ ಅವರೊಂದಿಗೆ ಐದು ವರ್ಷ ಕಳೆಯಬೇಕಾಗಿ ಬಂದದ್ದು ಫ್ರೆಂಚ್ ರಾಜಕೀಯದ ರಸವತ್ತಾದ ಪ್ರಸಂಗಗಳಲ್ಲಿ ಒಂದು. ವಾರಕ್ಕೆ 35 ಗಂಟೆಗಳ ದುಡಿಮೆಯ ಕಾನೂನು ಬಂದದ್ದು ಆ ಅವಧಿಯಲ್ಲಿಯೇ.

ಇಂಥ ಇಕ್ಕಟ್ಟು ಮರುಕಳಿಸದಿರಲೆಂದು 2000ದ ಜನಮತಗಣನೆಯ ಮೂಲಕ ಅಧ್ಯಕ್ಷರ ಅವಧಿಯನ್ನು ಏಳರಿಂದ ಐದು ವರ್ಷಕ್ಕೆ ಇಳಿಸಿ, ಅಧ್ಯಕ್ಷರ ಆಯ್ಕೆಯ ಬೆನ್ನಿಗೇ ಸದನದ ಚುನಾವಣೆ ನಡೆಯುವಂತೆ ಮಾಡಲಾಯಿತು. ಈ ಉಪಾಯ 2022ರವರೆಗೆ ಫಲಿಸಿತು. ಆ ವರ್ಷ ಮರು ಆಯ್ಕೆಯಾದ ಮ್ಯಾಕ್ರನ್ ಅವರಿಗೆ ಪೂರ್ಣ ಬಹುಮತ ದೊರೆಯಲಿಲ್ಲ. 2024ರ ಜೂನ್‌ನಲ್ಲಿ ಅವರು ಸದನವನ್ನು ವಿಸರ್ಜಿಸಿದ ಮೇಲೆ 577 ಸ್ಥಾನಗಳು ಎಡ, ನಡು, ಕಡುಬಲ ಎಂಬ ಮೂರು ಬಣಗಳಲ್ಲಿ ಹಂಚಿಹೋಗಿ ಯಾರೂ ಬಹುಮತಕ್ಕೆ ಬೇಕಾದ 289ರ ಹತ್ತಿರ ಸುಳಿಯಲಿಲ್ಲ. ಪರಿಣಾಮವಾಗಿ ಡಿಸೆಂಬರ್‌ನಲ್ಲಿ ಪ್ರಧಾನಿ ಮಿಶೆಲ್ ಬಾರ್ನಿಯೆ 331 ಮತಗಳ ಅವಿಶ್ವಾಸ ನಿರ್ಣಯದಿಂದ ಪದಚ್ಯುತರಾದರು. 1962ರ ನಂತರ ಅಂಥ ನಿರ್ಣಯ ಗೆದ್ದದ್ದು ಅದೇ ಮೊದಲು. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಫ್ರಾನ್ಸ್ವಾ ಬೈರೂ ತಾವಾಗಿಯೇ ವಿಶ್ವಾಸಮತ ಕೇಳಿ ಸೋತರು. ಅಧ್ಯಕ್ಷರ ಪದವಿ ಉಳಿಯಿತೆಂಬುದು ನಿಜ, ಆದರೆ ದೇಶದೊಳಗಿನ ನೀತಿಯನ್ನು ತಮಗೆ ಬೇಕಾದಂತೆ ತಿರುಗಿಸುವ ಶಕ್ತಿ ಅವರಲ್ಲಿ ಉಳಿಯಲಿಲ್ಲ.

ಪ್ರಶ್ನೆ: 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆ ಕೆಳಮನೆಯಲ್ಲಿ ಮತಕ್ಕೇ ಹೋಗದೆ ಅಂಗೀಕಾರವಾಯಿತಂತೆ. ಪ್ರಜಾಪ್ರಭುತ್ವದಲ್ಲಿ ಇದು ಸಾಧ್ಯವೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಸಾಧ್ಯ, ಮತ್ತು ಅದಕ್ಕೆ ಸಂವಿಧಾನದ ಸಮ್ಮತಿಯೂ ಇದೆ. 49ನೆಯ ವಿಧಿಯ ಮೂರನೆಯ ಖಂಡದ ಪ್ರಕಾರ, ಮಸೂದೆಯೊಂದನ್ನು ಸರ್ಕಾರದ ಅಳಿವು ಉಳಿವಿನ ಪ್ರಶ್ನೆಯೆಂದು ಪ್ರಧಾನಿ ಘೋಷಿಸಬಹುದು. 24 ಗಂಟೆಗಳೊಳಗೆ ಅವಿಶ್ವಾಸ ನಿರ್ಣಯ ಮಂಡನೆಯಾಗದಿದ್ದರೆ ಅಥವಾ ಮಂಡನೆಯಾಗಿಯೂ ಸೋತರೆ, ಆ ಮಸೂದೆ ಅಂಗೀಕಾರವಾದಂತೆ. ನಿರ್ಣಯದ ಪರವಾದ ಮತಗಳನ್ನಷ್ಟೇ ಎಣಿಸುವುದರಿಂದ ತಟಸ್ಥರೂ ಗೈರುಹಾಜರಾದವರೂ ಸರ್ಕಾರಕ್ಕೇ ನೆರವಾಗುತ್ತಾರೆ. 2023ರ ಮಾರ್ಚ್‌ನಲ್ಲಿ ಅಗತ್ಯವಿದ್ದ 287 ಮತಗಳಿಗೆ ಬದಲು 278 ಬಂದವು. ಎಲಿಜಬೆತ್ ಬೋರ್ನ್ ಅವರ ಸರ್ಕಾರ ಒಂಬತ್ತು ಮತಗಳಿಂದ ಪಾರಾಯಿತು. ಇದು ಬಲಪಂಥದವರ ಅಸ್ತ್ರ ಮಾತ್ರವೆಂದು ತಿಳಿಯಬೇಕಿಲ್ಲ: ಸಮಾಜವಾದಿ ಪ್ರಧಾನಿ ಮಿಶೆಲ್ ರೊಕಾರ್ 1988ರಿಂದ 1991ರ ನಡುವೆ ಇದನ್ನು 28 ಬಾರಿ ಬಳಸಿದರು. 2008ರ ತಿದ್ದುಪಡಿಯ ನಂತರ ಆಯವ್ಯಯ ಮತ್ತು ಸಾಮಾಜಿಕ ಭದ್ರತೆಯ ಹಣಕಾಸು ಮಸೂದೆಗಳಲ್ಲದೆ, ಒಂದು ಅಧಿವೇಶನದಲ್ಲಿ ಇನ್ನೊಂದೇ ಮಸೂದೆಗೆ ಇದನ್ನು ಬಳಸಬಹುದು. ಬಜೆಟ್‌ ಇಲ್ಲದೆ ದೇಶ ನಿಲ್ಲಬಾರದೆಂಬ ವಾದವನ್ನು ಒಪ್ಪಬಹುದು. ಕೋಟ್ಯಂತರ ಜನರ ದುಡಿಮೆಯ ಆಯುಷ್ಯವನ್ನು ಬದಲಿಸುವ ಕಾನೂನಿಗೆ ಈ ದಾರಿ ತಕ್ಕದ್ದಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಅಲ್ಲಿಯೂ ಸಚಿವರಾಗಲು ಸಂಸತ್ ಸದಸ್ಯರಾಗಿರಬೇಕೇ? (ಮಡಿಕೇರಿಯ ಓದುಗರೊಬ್ಬರು)

ಉತ್ತರ: ಇಲ್ಲ, ನಿಯಮ ಇದಕ್ಕೆ ತಿರುಗುಮುರುಗಾಗಿದೆ. ನಮ್ಮಲ್ಲಿ ಸಂಸತ್ತಿನ ಹೊರಗಿನವರು ಸಚಿವರಾದರೆ ಆರು ತಿಂಗಳೊಳಗೆ ಸದಸ್ಯರಾಗಬೇಕು. ಫ್ರಾನ್ಸಿನಲ್ಲಿ ಸಂಸತ್ ಸದಸ್ಯರು ಸಚಿವರಾದರೆ ಸದನದ ಸ್ಥಾನವನ್ನು ಬಿಡಬೇಕು. ಕೆಳಮನೆಗೆ ಸ್ಪರ್ಧಿಸುವ ಪ್ರತಿ ಅಭ್ಯರ್ಥಿಯ ಜೊತೆಗೆ ಒಬ್ಬ ಬದಲಿ ಅಭ್ಯರ್ಥಿಯ ಹೆಸರೂ ಮತಪತ್ರದಲ್ಲಿರುವುದರಿಂದ ಇದಕ್ಕಾಗಿ ಉಪಚುನಾವಣೆ ನಡೆಸಬೇಕಾಗುವುದಿಲ್ಲ. ಸಚಿವ ಪದವಿ ಹೋದ ಒಂದು ತಿಂಗಳ ಬಳಿಕ ಮೂಲ ಸದಸ್ಯರು ತಮ್ಮ ಸ್ಥಾನಕ್ಕೆ ಮರಳಬಹುದೆಂದು 2008ರ ತಿದ್ದುಪಡಿ ಅವಕಾಶ ಕಲ್ಪಿಸಿದೆ. ಆಗ ಬದಲಿ ಸದಸ್ಯರು ಜಾಗ ಬಿಟ್ಟುಕೊಡಬೇಕಾಗುತ್ತದೆ.