ಸಿನಿಮಾ ವೇಷ ಹಾಕಿದರೆ ಅದೂ ಕಲೆಯಾ?

ಪ್ರಶ್ನೆ: ನನ್ನ ಮಗಳು ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಳೆ. ಪ್ರದರ್ಶನಕ್ಕೆ ಪೇಂಟಿಂಗ್ ಮಾಡುವುದು ಬಿಟ್ಟು, ಹಳೇ ಸಿನಿಮಾ ನಾಯಕಿಯರ ಹಾಗೆ ವೇಷ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾಳೆ. ಇಷ್ಟು ವರ್ಷ ಓದಿ ಇದೇನಾ ಮಾಡೋದು? ಇದೂ ಕಲೆಯಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನೋಡಿ ತಾಯಿ, ದಯವಿಟ್ಟು ಅವಳನ್ನು ತಡೆಯಬೇಡಿ. ನಮ್ಮ ಬೆಂಗಳೂರಿನವರೇ ಆದ ಕಲಾವಿದೆ ಎನ್. ಪುಷ್ಪಮಾಲಾ ಬರೋಡಾದಲ್ಲಿ ಓದಿದ್ದು ಶಿಲ್ಪಕಲೆ. 1996–98ರಲ್ಲಿ ಅವರು 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಎಂಬ ಕಪ್ಪು-ಬಿಳುಪು ಫೋಟೊ ಸರಣಿ ಮಾಡಿದರು. ಮುಖವಾಡ ತೊಟ್ಟ ಸಾಹಸಿ ಹೆಣ್ಣು, ಕಳೆದುಹೋದ ಅವಳ ಅವಳಿ, ಎರಡೂ ಪಾತ್ರ ಅವರೇ. 1935ರ 'ಹಂಟರ್‌ವಾಲಿ' ಸಿನಿಮಾದಲ್ಲಿ ಚಾವಟಿ ಹಿಡಿದ ನಟಿ ನಾಡಿಯಾಳ ಸ್ಟಂಟ್ ಚಿತ್ರಗಳೇ ಅದಕ್ಕೆ ಪ್ರೇರಣೆ.

ಆಮೇಲೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಇನ್ನೊಂದು ಸರಣಿ ಮಾಡಿದರು. ಒಂದು ಫೋಟೊದಲ್ಲಿ ರವಿವರ್ಮನ ಲಕ್ಷ್ಮಿ. ಇನ್ನೊಂದರಲ್ಲಿ ಸಿನಿಮಾ ತಾರೆ. ಮತ್ತೊಂದರಲ್ಲಿ, ಬ್ರಿಟಿಷರು ಬುಡಕಟ್ಟು ಜನರ ಮೈ ಅಳತೆಗೆ ಬಳಸುತ್ತಿದ್ದ ಚೌಕುಳಿ ಪರದೆಯ ಮುಂದೆ ನಿಂತ ಹೆಣ್ಣು. ಎಲ್ಲವೂ ಪುಷ್ಪಮಾಲಾ ಒಬ್ಬರೇ! ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೈ ಜುಂ ಅಂದಿತ್ತು. ನಮ್ಮ ಮನಸ್ಸಿನಲ್ಲಿರುವ 'ಹೆಣ್ಣು' ಕ್ಯಾಲೆಂಡರಿನಿಂದ ಎಷ್ಟು ಬಂದಳು, ಸಿನಿಮಾದಿಂದ ಎಷ್ಟು ಬಂದಳು ಅಂತ ಅವತ್ತು ಯೋಚಿಸುವ ಹಾಗಾಯಿತು.

ಆ ಚೌಕುಳಿ ನನ್ನನ್ನು ಜಾಸ್ತಿ ಕಾಡಿತು. ಯಾಕೆಂದರೆ ಹುಡುಗನಾಗಿದ್ದಾಗ ನಾನು ಗಾಂಧಿನಗರದಲ್ಲಿ ಸಿನಿಮಾ ಬ್ಯಾನರ್ ಬರೆಯುವ ಒಂದು ಅಂಗಡಿಯಲ್ಲಿ ಕೆಲಸ ಕಲಿತವನು. ಸಿನಿಮಾದ ಸಣ್ಣ ಸ್ಟಿಲ್ ಫೋಟೊ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಎಳೆಯುತ್ತಿದ್ದೆವು. ಬಟ್ಟೆಯ ಮೇಲೆ ಬಣ್ಣದ ಪುಡಿ ಹಚ್ಚಿದ ದಾರ ಮೀಟಿ ದೊಡ್ಡ ಚೌಕ ಹಾಕುತ್ತಿದ್ದೆವು. ಒಂದು ಕಣ್ಣಿಗೇ ನಾಲ್ಕು ಚೌಕ. ಹತ್ತಿರದಿಂದ ನೋಡಿದರೆ ಬರೀ ಗುಲಾಬಿ, ನೀಲಿ ಗೀಟು. ರಸ್ತೆಯ ಆ ಕಡೆ ಹೋಗಿ ನಿಂತರೆ ನಗುವ ನಾಯಕಿ! ದೊಡ್ಡ ಚಿತ್ರಕಾರ ಎಂ.ಎಫ್. ಹುಸೇನ್ ಕೂಡ 1930ರ ದಶಕದ ಬೊಂಬಾಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು ಅಲ್ವಾ? ಫ್ಲೆಕ್ಸ್ ಬಂದ ಮೇಲೆ ನಮ್ಮ ಅಂಗಡಿ ಮುಚ್ಚಿತು. ಆ ನೋವು ನನಗೆ ಇನ್ನೂ ಇದೆ.

ಹಾಗಂತ ಸಿನಿಮಾ ತಂದು ಹಾಕಿದ್ದೆಲ್ಲ ಕಲೆಯಾಗುವುದಿಲ್ಲ. ಅಣ್ಣಾವ್ರ ಮುಖವನ್ನು ಸುಮ್ನೆ ಕ್ಯಾನ್ವಾಸ್ ಮೇಲೆ ಇಳಿಸಿದರೆ ಅದು ಅಭಿಮಾನ ಅಷ್ಟೇ. ಮಗಳನ್ನು ಪ್ರೀತಿಯಿಂದ ಒಂದು ಮಾತು ಕೇಳಿ: ಇಷ್ಟೊಂದು ಸ್ಟಿಲ್‌ಗಳಲ್ಲಿ ಇದೇ ಯಾಕೆ? ಈ ನಾಯಕಿ ತಲೆ ತಗ್ಗಿಸಿದ್ದು ಯಾರಿಗೋಸ್ಕರ? ಅವಳ ಹತ್ತಿರ ಉತ್ತರವಿದ್ದರೆ, ಅಥವಾ ಹುಡುಕುತ್ತಿದ್ದರೆ, ನೀವು ನಿಶ್ಚಿಂತೆಯಿಂದಿರಿ.

ಮುಂದಿನ ಸಲ ಫೋಟೊ ತೆಗೆಯುವಾಗ ನೀವೂ ಜೊತೆಗೆ ಹೋಗಿ. ಬೀರುವಿನಲ್ಲಿ ನಿಮ್ಮಮ್ಮನ ಹಳೇ ಸೀರೆ ಇದ್ದರೆ ತಗೊಂಡು ಹೋಗಿ. ಆ ಕಾಲದಲ್ಲಿ ಸೆರಗು ಹೇಗೆ ಹೊದೆಯುತ್ತಿದ್ದರು, ತುರುಬಿಗೆ ಹೂವು ಎಲ್ಲಿ ಮುಡಿಯುತ್ತಿದ್ದರು ಅನ್ನೋದು ನಿಮಗೆ ಗೊತ್ತಿರುತ್ತದೆ. ಅದನ್ನು ಅವಳಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರುವುದಿಲ್ಲ.