ಅಪೀಲು ‘ತಡ ಆಯ್ತು’ ಅಂತ ವಾಪಸ್ ಬಂದಿದೆ, ಅಪ್ಪನ ಡಿಸೆಬಿಲಿಟಿ ಪೆನ್ಷನ್ ಆಸೆ ಬಿಡಬೇಕಾ?

ಬಿಡಬೇಡಿ. ನೀವು ಬರೆದಿದ್ದು ನೋಡಿದ್ರೆ ಅಪ್ಪ ನೇವಿಯಿಂದ 2012ರಲ್ಲಿ ರಿಟೈರ್ ಆಗೋವಾಗ ರಿಲೀಸ್ ಮೆಡಿಕಲ್ ಬೋರ್ಡು ಬಿಪಿಗೆ 30% ಡಿಸೆಬಿಲಿಟಿ ಕೊಟ್ಟಿದೆ, ಆದ್ರೆ ಕಾಯಿಲೆಗೂ ಸರ್ವಿಸಿಗೂ ಸಂಬಂಧ ಇಲ್ಲ ಅಂತ ಬರೆದು ಕ್ಲೇಮ್ ರಿಜೆಕ್ಟು, ಈಗ ಹಾಕಿದ ಫಸ್ಟ್ ಅಪೀಲು ಆರು ತಿಂಗಳ ಗಡುವು ದಾಟಿದೆ ಅಂತ ವಾಪಸ್. ಆ ಲೆಟರ್ ಇನ್ನೊಂದ್ಸಲ ಓದಿ, ಬಿಪಿ ಬಗ್ಗೆ ಒಂದು ಸಾಲಾದ್ರೂ ಇದ್ಯಾ? ಬರೀ ತಾರೀಖಿನ ಮಾತು. ಅಂದ್ರೆ ಅಪ್ಪನ ಕೇಸನ್ನ ಇನ್ನೂ ಯಾರೂ ಓದೇ ಇಲ್ಲ.

ನಾನು ಅಂಕೋಲಾದವನು, ಆರ್ಮಿ ಪೆನ್ಷನರ್, ಕಾರವಾರ ಕಡೆ ಮಾಜಿ ಸೈನಿಕರ ಕಾಗದಪತ್ರ ನೋಡಿಕೊಡ್ತೀನಿ, ಇಂಥ ಲೆಟರ್ ಬಂತು ಅಂತ ಫೈಲು ಕಟ್ಟಿ ಅಟ್ಟಕ್ಕೆ ಹಾಕಿದವರನ್ನ ನೋಡಿದ್ರೆ ನಿಜಕ್ಕೂ ಸಂಕಟ ಆಗುತ್ತೆ.

ಮುಂದಿನ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂದ್ರೆ ಎಎಫ್‌ಟಿ. ಕರ್ನಾಟಕಕ್ಕೆ ಕೊಚ್ಚಿ ಬೆಂಚು, ಕಾರವಾರದಿಂದ ನೇರ ರೈಲಿದೆ. ಅಲ್ಲೂ 2007ರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಆರು ತಿಂಗಳ ಗಡುವು ಇದೆ, ಆದ್ರೆ ಸರಿಯಾದ ಕಾರಣ ಇದ್ರೆ ತಡ ಮನ್ನಿಸೋ ಅಧಿಕಾರಾನೂ ಅದೇ ಸೆಕ್ಷನ್ನಲ್ಲಿದೆ, ಅದಕ್ಕೆ ಬೇರೆ ಅರ್ಜಿ ಜೊತೆಗೇ ಹಾಕಿ, ಇದ್ದ ಕಾರಣ ಇದ್ದ ಹಾಗೇ ಬರೀರಿ. 2008ರ ತರ್ಸೇಮ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಏನಂದಿದೆ ಅಂದ್ರೆ, ಪೆನ್ಷನ್ ತಪ್ಪಿದ್ದು ತಿಂಗಳು ತಿಂಗಳೂ ಮುಂದುವರಿಯೋ ಅನ್ಯಾಯ, ಹಾಗಾಗಿ ತಡ ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಹಾಕೋ ಹಾಗಿಲ್ಲ, ಹಳೇ ಬಾಕಿ ದುಡ್ಡು ಮಾತ್ರ ಸಾಮಾನ್ಯವಾಗಿ ಕೇಸು ಹಾಕೋದಕ್ಕೆ ಹಿಂದಿನ ಮೂರು ವರ್ಷದ್ದೇ. ಅದಕ್ಕೇ ಹೇಳ್ತಿರೋದು, ನೀವು ಕೂತಷ್ಟು ತಿಂಗಳು ಅಷ್ಟು ತಿಂಗಳ ದುಡ್ಡು ಹೋಯ್ತು.

ವಾಪಸ್ ಬಂದ ಲೆಟರ್ ಎಸೀಬೇಡಿ. ಇಲಾಖೆಯ ಅಪೀಲು ಮಾಡದೇ ನೇರ ಬಂದ್ರೆ ಎಎಫ್‌ಟಿ ಸಾಮಾನ್ಯವಾಗಿ ತಗೊಳ್ಳಲ್ಲ, ಆ ದಾರಿ ಹಿಡಿದಿದ್ರಿ ಅನ್ನೋದಕ್ಕೆ ಅದೇ ಸಾಕ್ಷಿ.

ಕೇಸಿನ ತಿರುಳು ಬೇರೆ ಇದೆ. ಸೇರೋವಾಗಿನ ಮೆಡಿಕಲ್ಲಿನಲ್ಲಿ ಬಿಪಿ ಅಂತ ನಮೂದು ಇರ್ಲಿಲ್ಲ ಅಂದ್ರೆ ಕಾಯಿಲೆ ಸರ್ವಿಸಿನಿಂದ ಬಂದಿದ್ದು ಅಂತಲೇ ಹಿಡಿಬೇಕು, ಅಲ್ಲ ಅಂತ ತೋರಿಸೋ ಹೊಣೆ ಸರ್ಕಾರದ್ದು, ಇದು 2013ರ ಧರಂವೀರ್ ಸಿಂಗ್ ತೀರ್ಪು. ಅಪ್ಪ ಡಿಸೆಬಿಲಿಟಿ ಪೆನ್ಷನ್ನಿನ 2023ರ ಹೊಸ ರೂಲ್ಸಿಗಿಂತ ಎಷ್ಟೋ ಮುಂಚೆ ರಿಟೈರ್ ಆದವರು, ಹಾಗಾಗಿ ಈ ವಾದ ಗಟ್ಟಿ. ಗೆದ್ರೆ 2014ರ ರಾಮ್ ಅವತಾರ್ ತೀರ್ಪಿನ ಹಾಗೆ 30% ಇದ್ದಿದ್ದು 50% ಅಂತ ಲೆಕ್ಕ ಆಗುತ್ತೆ, ಅದನ್ನೂ ಅರ್ಜಿಯಲ್ಲೇ ಕೇಳಿ.

ಮೆಡಿಕಲ್ ಬೋರ್ಡಿನ ವರದಿಯ ಪೂರ್ತಿ ಕಾಪಿ ಕೈಲಿಲ್ಲ ಅಂದ್ರೆ ಅಪ್ಪನ ಸಹಿ ಹಾಕ್ಸಿ ಈ ವಾರಾನೇ ಆರ್‌ಟಿಐ ಕಳಿಸಿ, ವಕೀಲರು ಮೊದಲು ಕೇಳೋದೇ ಅದು.